ತಾಈ ಅಂದರೆ ತಾಯಿ ಅಲ್ಲ

೨೦೦೮ರ ಜೂನ್ ಕೊನೆಯ ವಾರ. ಇಂಡಿಯಿಂದ ಸೋಲಾಪುರ, ಅಲ್ಲಿಂದ ಟೆಂಭುರ್ಣಿ, ಇಂದಾಪುರ ದಾಟಿ ಬಾರಾಮತಿ. ಎಸ್.ಟಿ. ಬಸ್ಸು ಇಳಿದು ಟ್ರಂಕು, ಹಾಸಿಗೆ ಸುರುಳಿ, ಶೇಂಗಾ ಹಿಂಡಿಯ ಡಬ್ಬಿ ಹೊತ್ತುಕೊಂಡು ನಾನೂ ಅಪ್ಪನೂ ಹಾಸ್ಟೆಲ್ಲಿನ ಬಾಗಿಲಿಗೆ ಬಂದು ನಿಂತಿದ್ದೆವು. ಅಲ್ಲಿ ವಾರ್ಡನ್ ಅನ್ನುವುದಿಲ್ಲ, ರೆಕ್ಟರ್ ಅನ್ನುತ್ತಾರೆ. ರೆಕ್ಟರ್ ಮೇಡಂ ನನ್ನ ರಸೀದಿ ನೋಡಿ, ಒಳಗಿನಿಂದ ಒಬ್ಬ ಹುಡುಗಿಯನ್ನು ಕರೆದು, ‘ಹೀ ತುಝೀ ತಾಈ’ ಅಂದರು. ಇವಳು ನಿನ್ನ ಅಕ್ಕ. ಭೀಮೆಯ ಆಚೆ ದಂಡೆಯ ಭಾಷೆ ಅಪ್ಪನಿಗೆ ತಿಳಿಯದ್ದೇನಲ್ಲ, ಸೋಲಾಪುರದ ಸಂತೆಗೆ ಎತ್ತು ಹೊಡೆದುಕೊಂಡು ಹೋಗಿ ಬಂದವನು. ಆದರೂ ಅವತ್ತು ಅವನ ಕಿವಿಗೆ ಬಿದ್ದದ್ದು ‘ತಾಯಿ’ ಅಂತಲೇ. ಆ ಇಪ್ಪತ್ತರ ಹುಡುಗಿಗೆ ಕಣ್ಣು ತುಂಬಿಕೊಂಡು ಕೈ ಮುಗಿದ. ತಿರುಗಿ ಬಸ್ಸು ಹತ್ತುವಾಗ ನನಗೆ ಹೇಳಿದ್ದು ಒಂದೇ ಮಾತು: ‘ತಾಯಿ ಸಿಕ್ಕಾಳ, ಇನ್ನ ನಂಗ ಚಿಂತಿಲ್ಲ ಬಿಡು.’

ಊರು ಬಿಟ್ಟು ಹೋದವರ ಬರಹಗಳಲ್ಲಿ ಇಂಥ ಅಕ್ಕಂದಿರು, ಅಣ್ಣಂದಿರು ಬಹಳ. ರೂಮು ಹುಡುಕಿಕೊಟ್ಟವರು, ಮೊದಲ ದಿನ ಊಟ ಹಾಕಿದವರು, ಜ್ವರ ಬಂದಾಗ ಗುಳಿಗೆ ತಂದುಕೊಟ್ಟವರು. ಅವರ ಋಣ ನೆನೆದು ಬರೆದದ್ದೇ ಹೆಚ್ಚು. ನಾನೂ ಹಾಗೆ ಬರೆಯಬಹುದಿತ್ತು. ಆದರೆ ಎರಡು ವರ್ಷದ ಮೇಲೆ ನಾನೇ ಒಬ್ಬಳಿಗೆ ತಾಈ ಆದೆ. ಆ ಜಾಗದಲ್ಲಿ ಕೂತು ನೋಡಿದ ಮೇಲೆ ಋಣದ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ. ಮಗಳನ್ನು ಹೊರಗೆ ಓದಿಸಲು ಕಳಿಸುವ ನಮ್ಮೂರ ಕಡೆಯವರು ಇವತ್ತಿಗೂ ಮೊದಲು ಕೇಳುವುದು ‘ಅಲ್ಲಿ ನಮ್ಮವರು ಯಾರರೆ ಅದಾರೇನ?’ ಅಂತ. ನಮ್ಮವರು ಇದ್ದರೆ ಮುಗೀತು ಅನ್ನುವ ನಂಬಿಕೆ. ನಾನು ಪ್ರಶ್ನೆ ಮಾಡಬೇಕೆಂದಿರುವುದು ಆ ನಂಬಿಕೆಯನ್ನೇ.

ಬಾರಾಮತಿ ಪುಣೆಯಿಂದ ಸುಮಾರು ನೂರು ಕಿಲೋಮೀಟರ್. ಕರ್ಹಾ ನದಿ, ನೀರಾ ಕಾಲುವೆ, ಕಬ್ಬು, ಸಕ್ಕರೆ ಕಾರ್ಖಾನೆ. ಪರಊರಿನಿಂದ ಬಂದು ನಿಂತವರನ್ನು ಇಟ್ಟುಕೊಂಡ ಊರು ಅದು, ಹಿಂದಿನಿಂದಲೂ. ಮರಾಠಿಯ ಪಂಡಿತ ಕವಿ ಮೋರೋಪಂತ ೧೭೨೯ರಲ್ಲಿ ಹುಟ್ಟಿದ್ದು ಪನ್ಹಾಳದಲ್ಲಿ. ಬದುಕಿ ಬರೆದದ್ದು, ೧೭೯೪ರಲ್ಲಿ ತೀರಿಕೊಂಡದ್ದು ಬಾರಾಮತಿಯಲ್ಲಿ, ನಾಯಕ ಮನೆತನದ ಆಶ್ರಯದಲ್ಲಿ. ೧೯೬೨ರಲ್ಲಿ ತುಳಜಾರಾಮ ಚತುರಚಂದ ಕಾಲೇಜು, ೧೯೭೨ರಲ್ಲಿ ವಿದ್ಯಾ ಪ್ರತಿಷ್ಠಾನ, ಹೀಗೆ ಒಂದರ ಹಿಂದೊಂದು ಸಂಸ್ಥೆಗಳು ಬಂದ ಮೇಲೆ ಬೀಡ, ಲಾತೂರು, ಸೋಲಾಪುರದ ಹುಡುಗಿಯರು ಬರತೊಡಗಿದರು. ನಮ್ಮ ಕಡೆಯಿಂದ ಬೆರಳೆಣಿಕೆಯಷ್ಟು. ನಾನು ಹೋದದ್ದಕ್ಕೆ ದೊಡ್ಡ ಕಾರಣವಿಲ್ಲ. ಸೋದರಮಾವ ಆ ತಾಲೂಕಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ನಾನು ಸೇರಿ ಆರು ತಿಂಗಳಿಗೆ ಅವನಿಗೆ ಬೇರೆ ಕಡೆ ಕೆಲಸ ಸಿಕ್ಕಿ ಹೋಗಿಬಿಟ್ಟ, ಅದು ಬೇರೆ ಮಾತು. ನಾನಿದ್ದ ಕಾಲೇಜು ಯಾವುದು, ಹಾಸ್ಟೆಲ್ ಯಾವುದು ಅಂತ ಹೇಳುವುದಿಲ್ಲ. ಊರಲ್ಲಿ ಅಂಥವು ಹಲವು ಇದ್ದವು.

ಆ ಊರಲ್ಲಿ ನಂಟಿನ ಶಬ್ದಗಳು ಹುದ್ದೆಗಳೂ ಹೌದು. ನಾನಿದ್ದ ಕಾಲಕ್ಕೆ ಬೀದಿಯ ಫ್ಲೆಕ್ಸುಗಳಲ್ಲಿ ‘ಸಾಹೇಬ’ ಅಂದರೆ ಶರದ್ ಪವಾರ್, ‘ದಾದಾ’ ಅಂದರೆ ಅಜಿತ್ ಪವಾರ್. ೨೦೦೯ರಲ್ಲಿ ಸುಪ್ರಿಯಾ ಸುಳೆ ಬಾರಾಮತಿಯಿಂದ ಲೋಕಸಭೆಗೆ ಗೆದ್ದ ಮೇಲೆ ‘ತಾಈ’ ಅಂದರೆ ಅವರು. ಹೆಸರು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ದಾದಾ ಅಂದರೆ ಅಣ್ಣ, ಖರೆ. ಆದರೆ ದಾದಾನ ಹತ್ತಿರ ಹೋಗುವವರು ಅಣ್ಣನ ಹತ್ತಿರ ಹೋದಂತೆ ಹೋಗುತ್ತಿರಲಿಲ್ಲ, ಅರ್ಜಿ ಹಿಡಿದುಕೊಂಡು ಹೋಗುತ್ತಿದ್ದರು. ಇದನ್ನು ಆ ಊರಿನ ಮೇಲಿನ ದೂರಾಗಿ ಹೇಳುತ್ತಿಲ್ಲ. ನಮ್ಮಲ್ಲಿ ಅಣ್ಣ, ಅಕ್ಕ, ಅಪ್ಪಾಜಿಗಳಿಗೆ ಕೊರತೆಯೇ? ಪ್ರೀತಿಯಿಂದ ಹುಟ್ಟಿದ ಶಬ್ದ ಅಧಿಕಾರದ ಮೈಮೇಲೆ ಕೂತರೆ, ಎಲ್ಲಿ ಪ್ರೀತಿ ಮುಗಿದು ಎಲ್ಲಿ ಅಧಿಕಾರ ಶುರುವಾಯಿತು ಅಂತ ಕೆಳಗಿನವರಿಗೆ ತಿಳಿಯುವುದಿಲ್ಲ. ಹಾಸ್ಟೆಲ್ಲಿನ ತಾಈಯೂ ಅದೇ ಜಾತಿಯ ಶಬ್ದ.

ನನ್ನ ತಾಈ ಬೀಡ ಜಿಲ್ಲೆಯವಳು. ಒಳ್ಳೆಯವಳೇ. ಸೋಲಾರಿನ ಬಿಸಿನೀರು ಯಾವ ನಲ್ಲಿಗೆ ಬೆಳಿಗ್ಗೆ ಎಷ್ಟು ಗಂಟೆಯೊಳಗೆ ಬರುತ್ತದೆ, ಔಟ್‌ಪಾಸಿಗೆ ಸಹಿ ಬೇಕಾದರೆ ರೆಕ್ಟರ್ ಮೇಡಂ ಯಾವ ಹೊತ್ತಿನಲ್ಲಿ ಖುಷಿಯಲ್ಲಿರುತ್ತಾರೆ, ಮೆಸ್ಸಿನ ಕಾಕೂಗೆ ಏನಂದರೆ ಎರಡನೇ ಭಾಕರಿ ಬಿಸಿಯಾಗಿ ಬೀಳುತ್ತದೆ, ಎಲ್ಲ ಹೇಳಿಕೊಟ್ಟಳು. ಪಿಠಲೆ ಅಂದರೆ ನಿಮ್ಮ ಝುಣಕಾನೇ ಕಣೆ ಅಂತ ಮೊದಲ ದಿನ ಸಮಾಧಾನ ಮಾಡಿದ್ದೂ ಅವಳೇ. ಆಗಸ್ಟಿನಲ್ಲಿ ನನಗೆ ಜ್ವರ ಬಂದಾಗ ಎರಡು ರಾತ್ರಿ ನನ್ನ ಕಾಟಿನ ಪಕ್ಕ ನೆಲದ ಮೇಲೆ ಮಲಗಿದಳು. ಇದನ್ನೆಲ್ಲ ಮರೆತು ಬರೆದರೆ ನನ್ನ ಕೈ ಬಿದ್ದುಹೋದೀತು.

ಅದೇ ತಾಈ ಮೊದಲ ವಾರವೇ ನನ್ನನ್ನು ‘ಓಳಖ’ಕ್ಕೆ ಕರೆದುಕೊಂಡು ಹೋದವಳು. ಓಳಖ ಅಂದರೆ ಪರಿಚಯ. ರಾತ್ರಿ ಊಟದ ಮೇಲೆ ಮೂರನೇ ವರ್ಷದವರ ಖೋಲಿಯಲ್ಲಿ ಹೊಸಬರನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಹೆಸರು, ಊರು, ಅಪ್ಪನ ಉದ್ಯೋಗ, ‘ಆಡನಾವ್ ಕಾಯ್?’ ಅಂದರೆ ಅಡ್ಡಹೆಸರು ಏನು ಅಂತ. ಜಾತಿ ಯಾವುದು ಅಂತ ಬಾಯಿಬಿಟ್ಟು ಯಾರೂ ಕೇಳುತ್ತಿರಲಿಲ್ಲ, ಅಡ್ಡಹೆಸರು ಸಾಕಿತ್ತು. ನಮ್ಮದು ಭೀಮೆಯ ಎರಡೂ ದಂಡೆಯಲ್ಲಿ ಸಿಗುವಂಥ ಅಡ್ಡಹೆಸರು, ಅದರಲ್ಲಿ ಬಚಾವಾದೆ. ಭಾಷೆಯಲ್ಲಿ ಸಿಕ್ಕಿಬಿದ್ದೆ. ದಕ್ಷಿಣದವರ ಮಾತನ್ನು ಅಣಕಿಸಲು ಮರಾಠಿಯಲ್ಲಿ ‘ಯಂಡುಗುಂಡು’ ಅಂತ ಒಂದು ಶಬ್ದವಿದೆ. ‘ಏ ಯಂಡುಗುಂಡು, ತುಮ್ಹಚ್ಯಾ ಭಾಷೇತ್ ಬೋಲ್’ ಅಂದರು. ಕನ್ನಡದಲ್ಲಿ ಏನೋ ಹೇಳಿದೆ. ಬಿದ್ದು ಬಿದ್ದು ನಕ್ಕರು. ಮತ್ತೆ ಹೇಳು ಅಂದರು. ಮತ್ತೆ ಹೇಳಿದೆ. ಮೂರನೇ ಸಲಕ್ಕೆ ನಾನೂ ನಗತೊಡಗಿದೆ. ಹೊರಗೆ ಬಂದಾಗ ತಾಈ ನನ್ನ ಬೆನ್ನು ತಟ್ಟಿ, ‘ಛಾನ್, ನಕ್ಕೆಯಲ್ಲ, ಇನ್ನು ನಿನಗೆ ಯಾರೂ ತ್ರಾಸ ಕೊಡುವುದಿಲ್ಲ’ ಅಂದಳು. ಅವಳು ಹೇಳಿದ್ದು ನಿಜವಾಯಿತು. ಮೂರು ವರ್ಷ ‘ಯಂಡುಗುಂಡು’ ಅನ್ನಿಸಿಕೊಂಡು ಆರಾಮಾಗಿಯೇ ಇದ್ದೆ. ಹೊಡೆತವಿಲ್ಲ, ಬೈಗುಳವಿಲ್ಲ, ಪತ್ರಿಕೆಯಲ್ಲಿ ಬರುವಂಥದ್ದು ಏನೂ ಇಲ್ಲ. ನನ್ನ ಭಾಷೆ ಒಂದು ತಮಾಷೆ ಅನ್ನುವುದಕ್ಕೆ ನಾನೇ ಸಹಿ ಹಾಕಿದ್ದೆ, ಅಷ್ಟೇ.

ಕಾನೂನು ಇರಲಿಲ್ಲ ಅಂತಲ್ಲ. ಮಹಾರಾಷ್ಟ್ರದಲ್ಲಿ ರ‍್ಯಾಗಿಂಗ್ ನಿಷೇಧದ ಕಾಯ್ದೆ ೧೯೯೯ರಷ್ಟು ಹಿಂದೆಯೇ ಬಂದಿದೆ. ಎರಡು ವರ್ಷದವರೆಗೆ ಜೈಲು, ಹತ್ತು ಸಾವಿರ ರೂಪಾಯಿಯವರೆಗೆ ದಂಡ, ಐದು ವರ್ಷ ಬೇರೆಲ್ಲೂ ಪ್ರವೇಶವಿಲ್ಲ. ಕಾಯ್ದೆ ಗೋಡೆಯ ಮೇಲಿತ್ತು, ಓಳಖ ಖೋಲಿಯಲ್ಲಿತ್ತು. ೨೦೦೯ರ ಮಾರ್ಚಿನಲ್ಲಿ ಹಿಮಾಚಲದ ಟಾಂಡಾದ ವೈದ್ಯಕೀಯ ಕಾಲೇಜಿನಲ್ಲಿ ಅಮನ್ ಕಾಚ್ರೂ ಅನ್ನುವ ಹುಡುಗ ಸೀನಿಯರುಗಳ ಹೊಡೆತ ತಿಂದು ಸತ್ತ. ದೇಶವೆಲ್ಲ ಗದ್ದಲವಾಯಿತು. ಅದೇ ಜೂನಿನಲ್ಲಿ ಯು.ಜಿ.ಸಿ. ಹೊಸ ನಿಯಮ ತಂದಿತು. ಸಹಾಯವಾಣಿ, ಪ್ರಮಾಣಪತ್ರ, ತನಿಖಾ ಪಡೆ, ಎಲ್ಲ ಇದ್ದವು. ಜೊತೆಗೆ ಒಂದು ಮಾರ್ಗದರ್ಶನದ ವ್ಯವಸ್ಥೆ: ಆರು ಹೊಸ ವಿದ್ಯಾರ್ಥಿಗಳಿಗೆ ಒಬ್ಬ ಹಿರಿಯ ಮೆಂಟರ್, ಅಂಥ ಆರು ಮೆಂಟರ್‌ಗಳಿಗೆ ಮೇಲಿನ ತರಗತಿಯ ಇನ್ನೊಬ್ಬ, ಹೀಗೆ ಎಷ್ಟು ತರಗತಿಗಳೋ ಅಷ್ಟು ಅಂತಸ್ತು.

ನಿಯಮ ಮಾಡಿದವರ ಮನಸ್ಸು ಒಳ್ಳೆಯದೇ. ಆದರೆ ಆ ಅಂತಸ್ತುಗಳನ್ನು ಒಂದು ಕಾಗದದ ಮೇಲೆ ಬರೆದು ನೋಡಿ. ಮೂರನೇ ವರ್ಷದವಳ ಕೆಳಗೆ ಎರಡನೇ ವರ್ಷದವರು, ಅವರ ಕೆಳಗೆ ಹೊಸಬರು. ಇದೇ ಏಣಿಯ ಮೇಲೆ ನಿಂತೇ ಅಲ್ಲವೇ ಓಳಖ ನಡೆಯುತ್ತಿದ್ದದ್ದು? ಯಾರ ಕೈಯಿಂದ ಕಾಪಾಡಬೇಕೋ ಅವರ ಕೈಗೇ ಕಾಪಾಡುವ ಕೆಲಸ ಕೊಟ್ಟಂತಾಯಿತು. ಮೆಂಟರ್ ಅನ್ನುವ ಹೆಸರು ಗ್ರೀಕರ ಒಡಿಸ್ಸಿಯಿಂದ ಬಂದದ್ದು. ಒಡಿಸ್ಸಿಯಸ್ ಯುದ್ಧಕ್ಕೆ ಹೋಗುವಾಗ ಮನೆಯನ್ನು ಒಪ್ಪಿಸಿ ಹೋದ ಹಿರಿಯ ಗೆಳೆಯ ಅವನು. ಆದರೆ ಕಥೆಯಲ್ಲಿ ಹುಡುಗನಿಗೆ ನಿಜವಾಗಿ ದಾರಿ ತೋರಿಸಿದ್ದು ಆ ಮುದುಕನಲ್ಲ, ಅವನ ವೇಷದಲ್ಲಿ ಬಂದ ಅಥೇನೆ ದೇವಿ. ನಮ್ಮ ಹಾಸ್ಟೆಲ್ಲಿಗೆ ವೇಷ ಮಾತ್ರ ಬಂತು.

೨೦೧೦ರ ಜೂನಿನಲ್ಲಿ ನಾನು ಮೂರನೇ ವರ್ಷಕ್ಕೆ ಬಂದೆ. ರೆಕ್ಟರ್ ಮೇಡಂ ಕರೆದು ನನ್ನ ಹೆಸರಿಗೆ ಆರು ಹುಡುಗಿಯರನ್ನು ಬರೆದರು. ಎರಡನೇ ವರ್ಷದಲ್ಲಿ ಹುಡುಗಿಯರು ಕಡಿಮೆ ಇದ್ದುದರಿಂದ ಹೊಸಬರನ್ನು ನೇರ ನಮಗೇ ಕೊಟ್ಟಿದ್ದರು. ಆರರಲ್ಲಿ ಒಬ್ಬಳು ಅಥಣಿ ತಾಲೂಕಿನವಳು. ‘ತುಝೀ ಕಾನಡೀ ಆಹೇ, ತೂಚ್ ಸಾಂಭಾಳ್’ ಅಂದರು. ನಿನ್ನ ಕನ್ನಡದವಳು, ನೀನೇ ನೋಡಿಕೋ. ನನಗೆ ಹೆಮ್ಮೆಯಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಅವಳ ಅವ್ವ ನನ್ನ ಕೈ ಹಿಡಿದು, ‘ನಿಮ್ಮ ಉಡಿಯಾಗ ಹಾಕೀನ್ರಿ’ ಅಂದಾಗ ನಮ್ಮಪ್ಪನ ನೆನಪು ಬಂತು. ಹುಡುಗಿ ಮೊದಲ ಎರಡು ದಿನ ‘ನೀವ್ರಿ’, ‘ಏನ್ರಿ’ ಅಂದಳು. ಮೂರನೇ ದಿನ ‘ಅಕ್ಕಾ, ನೀ ಉಂಡೀ?’ ಅಂದಳು. ನಮ್ಮ ಕಡೆ ‘ರಿ’ ಬಿದ್ದುಹೋದರೆ ಅದೇ ಮನೆಯವರಾದ ಲಕ್ಷಣ.

ಜುಲೈ ಎರಡನೇ ವಾರ ತುಕಾರಾಮ ಮಹಾರಾಜರ ಪಾಲ್ಕಿ ಬಂತು. ದೇಹೂದಿಂದ ಪಂಢರಪುರಕ್ಕೆ ಹೋಗುವ ಪಾಲ್ಕಿ ಪ್ರತಿ ಆಷಾಢದಲ್ಲಿ ಬಾರಾಮತಿಯಲ್ಲಿ ಒಂದು ರಾತ್ರಿ ತಂಗುತ್ತದೆ. ಮರುದಿನ ಕಾಟೇವಾಡಿಯಲ್ಲಿ ಪಾಲ್ಕಿಯ ಸುತ್ತ ಕುರಿಗಳನ್ನು ಓಡಿಸುವ ರಿಂಗಣ. ಹಾಸ್ಟೆಲ್ಲಿನವರೆಲ್ಲ ನೀರು ಹಂಚಲು ರಸ್ತೆಗೆ ಹೋಗಿದ್ದೆವು. ತಲೆಯ ಮೇಲೆ ತುಳಸಿಕಟ್ಟೆ ಹೊತ್ತ ಒಬ್ಬ ಮುದುಕಿ ಬಂದು ನಮ್ಮ ಅಥಣಿ ಹುಡುಗಿಯ ಕೈಯಿಂದ ಲೋಟ ತಗೊಂಡು ಕುಡಿದಳು. ಹುಡುಗಿ ಅವಳ ಕಾಲು ಮುಟ್ಟಿದಳು. ಏಳುವಷ್ಟರಲ್ಲಿ ಮುದುಕಿ ಬಗ್ಗಿ ಹುಡುಗಿಯ ಕಾಲು ಮುಟ್ಟಿ ‘ಮಾವುಲಿ’ ಅಂದಳು. ಹುಡುಗಿ ಹಾವು ತುಳಿದವಳಂತೆ ಹಿಂದೆ ಸರಿದಳು. ‘ಅಕ್ಕಾ, ಪಾಪ ಬರ್ತೈತಿ, ಅಜ್ಜಿ ನನ್ನ ಕಾಲ ಮುಟ್ಟಿತಲ್ಲ!’ ವಾರಕರಿಗಳಲ್ಲಿ ಅದು ರೂಢಿ ಅಂತ ಹೇಳಿದೆ. ಮಾವುಲಿ ಅಂದರೆ ತಾಯಿ, ಅಲ್ಲಿ ಎಲ್ಲರೂ ಎಲ್ಲರಿಗೂ ಮಾವುಲಿ. ಚಿಕ್ಕವರು ದೊಡ್ಡವರು ಅಂತಿಲ್ಲ, ಒಬ್ಬರು ಬಗ್ಗಿದರೆ ಇನ್ನೊಬ್ಬರೂ ಬಗ್ಗುತ್ತಾರೆ. ಹೀಗೆಲ್ಲ ವಿವರಿಸಿದವಳು ನಾನೇ. ವಿವರಿಸಿದ್ದು ನನ್ನ ತಲೆಗೆ ಹತ್ತಲಿಲ್ಲ ಅನ್ನುವುದು ಹತ್ತು ದಿನದಲ್ಲಿ ಗೊತ್ತಾಯಿತು.

ಓಳಖ ನಿಂತಿರಲಿಲ್ಲ. ರಿಜಿಸ್ಟರಿನಲ್ಲಿ ಅದಕ್ಕೆ ‘ಮೆಂಟರ್ ಮೀಟಿಂಗ್’ ಅಂತ ಹೆಸರಾಗಿತ್ತು, ಅಷ್ಟೇ. ಖೋಲಿ ಅದೇ, ಹೊತ್ತು ಅದೇ. ಅಥಣಿ ಹುಡುಗಿಯ ಸರದಿ ಬಂತು. ಅವಳಿಗೆ ನನಗಿಂತ ಚೆನ್ನಾಗಿ ಮರಾಠಿ ಬರುತ್ತಿತ್ತು, ಆದರೆ ಕನ್ನಡದ ಎಳೆತ ಇತ್ತು. ‘ಆಣಖೀ ಏಕ್ ಯಂಡುಗುಂಡು’ ಅಂದರು ನನ್ನ ಜೊತೆಯವರು. ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆ. ಕನ್ನಡದಲ್ಲಿ ಹಾಡು ಅಂದರು. ಅವಳು ಒಲ್ಲೆ ಅಂದಳು. ಒತ್ತಾಯ ಮಾಡಿದರು. ‘ಹಾಡಾಕ ಬರ್ತೈತಿ, ನಿಮಗ ನಗಾಕ ಹಾಡಂಗಿಲ್ಲ’ ಅಂತ ಕನ್ನಡದಲ್ಲೇ ಹೇಳಿ, ಅದನ್ನೇ ಮರಾಠಿಯಲ್ಲಿ ಮತ್ತೊಮ್ಮೆ ಸ್ವಚ್ಛವಾಗಿ ಹೇಳಿದಳು. ಒಂದು ಕ್ಷಣ ಖೋಲಿ ತಣ್ಣಗಾಯಿತು. ಆಮೇಲಿನ ಹದಿನೈದು ದಿನ ಅವಳ ಬಕೆಟ್ಟು ಕಾಣೆಯಾಗುವುದು, ಮೆಸ್ಸಿನಲ್ಲಿ ಅವಳ ಪಕ್ಕ ಯಾರೂ ಕೂರದಿರುವುದು, ರಾತ್ರಿ ಬಾಗಿಲು ಬಡಿದು ಓಡುವುದು. ಯಾವುದಕ್ಕೂ ಸಾಕ್ಷಿ ಇಲ್ಲ.

ತಿಂಗಳ ಕೊನೆಗೆ ಅವಳು ಒಂದು ಕಾಗದ ಬರೆದುಕೊಂಡು ನನ್ನ ಹತ್ತಿರ ಬಂದಳು. ದೂರು. ಮೆಂಟರ್ ಮೂಲಕ ಕೊಡಬೇಕು ಅನ್ನುವುದು ನಮ್ಮ ಹಾಸ್ಟೆಲ್ಲಿನ ಪದ್ಧತಿ. ರಿಜಿಸ್ಟರಿನಲ್ಲಿ ಪ್ರತಿ ಹುಡುಗಿಯ ಹೆಸರಿನ ಮುಂದೆ ‘ತಕ್ರಾರ್’ ಅಂತ ಒಂದು ಕಲಂ ಇತ್ತು. ಇಲ್ಲಿ ಇನ್ನೊಂದು ಶಬ್ದದ ಮಾತು ಬಂತು ನೋಡಿ. ಮರಾಠಿಯಲ್ಲಿ ತಕ್ರಾರ್ ಅಂದರೆ ಬರೀ ದೂರು, ಅದರಲ್ಲಿ ಅವಮಾನವೇನಿಲ್ಲ. ಕರೆಂಟು ಹೋದರೂ ತಕ್ರಾರ್ ಕೊಡುತ್ತಾರೆ, ಸೈಕಲ್ ಕಳುವಾದರೂ ತಕ್ರಾರ್ ಕೊಡುತ್ತಾರೆ. ಅದೇ ಶಬ್ದ ನಮ್ಮಲ್ಲಿಗೆ ಬಂದು ‘ತಕರಾರು’ ಆದಾಗ ತಂಟೆಯಾಯಿತು. ತಕರಾರು ತೆಗೆಯುವ ಸೊಸೆ, ತಕರಾರಿನ ಹೊಲ. ಆ ಕಲಮಿನಲ್ಲಿ ಒಬ್ಬಳ ಹೆಸರು ಬರೆಯುವುದೆಂದರೆ ನನ್ನ ಕನ್ನಡದ ಕಿವಿಗೆ ಅವಳನ್ನು ತಂಟೆಕೋರಳು ಅಂತ ಬರೆದಂತೆ. ನನ್ನ ಆರರಲ್ಲಿ ಒಬ್ಬಳದು ತಕರಾರು ಅಂದರೆ ನಾನು ನೋಡಿಕೊಂಡದ್ದು ಸರಿಯಿಲ್ಲ ಅಂತಲೂ ಆಗುತ್ತಿತ್ತು. ಇವೆರಡರಲ್ಲಿ ಯಾವುದು ಹೆಚ್ಚು ಕೆಲಸ ಮಾಡಿತು ಅಂತ ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಎರಡನೆಯದು.

‘ಹೊಟ್ಟ್ಯಾಗ ಹಾಕ್ಕೋ’ ಅಂದೆ. ‘ಎರಡ ತಿಂಗಳ ಹೊಂದಕೊಂಡ ಹೋಗು, ತಾವ ಸುಮ್ಮನಾಗ್ತಾರ. ನಾ ನಕ್ಕೊಂಡ ಇರಲಿಲ್ಲೇನ? ನಕ್ಕರ ನಿನ್ನ ಗಂಟೇನ ಹೋಗ್ತೈತಿ? ನಿಮ್ಮವ್ವಗ ಗೊತ್ತಾದರ ಊರಿಗೆ ಕರಕೊಂಡ ಹೋಗ್ತಾಳ ನೋಡು.’ ಆ ಕಾಗದ ನಾಲ್ಕು ಮಡಿಕೆ ಮಾಡಿ ನನ್ನ ಟ್ರಂಕಿನಲ್ಲಿಟ್ಟೆ. ರಿಜಿಸ್ಟರಿನಲ್ಲಿ ‘ತಕ್ರಾರ್ ನಾಹೀ’ ಅಂತ ಬರೆದು ಸಹಿ ಮಾಡಿದೆ.

ಈ ಮಾತುಗಳನ್ನು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ಒಂದು ವಾಕ್ಯವೂ ನನ್ನದಲ್ಲ. ‘ನಕ್ಕರೆ ಬಿಡುತ್ತಾರೆ’ ಅನ್ನುವುದು ನನ್ನ ಬೀಡದ ತಾಈಯದು. ‘ಹೊಟ್ಟ್ಯಾಗ ಹಾಕ್ಕೋ’, ‘ಹೊಂದಕೊಂಡ ಹೋಗು’ ನಮ್ಮವ್ವನದು, ಮದುವೆಯಾದ ನನ್ನ ಅಕ್ಕನಿಗೆ ಫೋನಿನಲ್ಲಿ ಹೇಳುತ್ತಿದ್ದದ್ದು. ಒಬ್ಬ ಮರಾಠಿ ತಾಈ ಇದನ್ನೇ ಹೇಳಿದ್ದರೆ ಅದು ಒಂದು ಸಲಹೆಯಾಗುತ್ತಿತ್ತು, ಹುಡುಗಿ ಒಪ್ಪಬಹುದು ಬಿಡಬಹುದು. ನಾನು ಕನ್ನಡದಲ್ಲಿ ಹೇಳಿದ್ದರಿಂದ ಅದು ಅವ್ವನ ಮಾತಾಯಿತು. ನಮ್ಮ ಭಾಷೆಯನ್ನು ಖೋಲಿಯಲ್ಲಿ ಅಣಕಿಸಿದವರಿಗಿಂತ, ಅದೇ ಭಾಷೆಯಿಂದ ಅವಳ ಬಾಯಿ ಮುಚ್ಚಿಸಿದ ನಾನು ಹೆಚ್ಚು ಕೆಟ್ಟದ್ದು ಮಾಡಿದೆ. ‘ನಮ್ಮವರು ಅದಾರೇನ?’ ಅಂತ ಕೇಳುವವರಿಗೆ ಇಷ್ಟನ್ನಾದರೂ ತಿಳಿಸಬೇಕು. ನಮ್ಮವರಿಗೆ ನಮ್ಮನ್ನು ಸುಮ್ಮನಿರಿಸುವ ದಾರಿ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಅವಳು ಸುಮ್ಮನಾಗಲಿಲ್ಲ. ಎರಡು ದಿನ ಬಿಟ್ಟು ನೇರ ರೆಕ್ಟರ್ ಮೇಡಂ ಹತ್ತಿರ ಹೋಗಿ ಕೇಳಿದ್ದು ಒಂದೇ: ನನಗೆ ಬೇರೆ ತಾಈ ಕೊಡಿ. ಕಾರಣ ಹೇಳಲಿಲ್ಲ, ನನ್ನ ಮೇಲೆ ದೂರೂ ಹೇಳಲಿಲ್ಲ. ಲಾತೂರಿನ ಹುಡುಗಿಯೊಬ್ಬಳಿಗೆ ಅವಳನ್ನು ವಹಿಸಿದರು. ಈ ಲಾತೂರಿನವಳು ಹಾಸ್ಟೆಲ್ಲಿನಲ್ಲಿ ಯಾರಿಗೂ ಅಷ್ಟಾಗಿ ಬೇಕಾದವಳಲ್ಲ. ಒರಟು ಮಾತು, ನಗು ಕಡಿಮೆ. ಕನ್ನಡದ ಒಂದು ಅಕ್ಷರ ಬಾರದು. ಮೊದಲ ದಿನವೇ ತನ್ನ ಹುಡುಗಿಯರಿಗೆ, ತಾಈ ಗೀಈ ಅನ್ನಬೇಡಿ, ಹೆಸರು ಹಿಡಿದು ಕರೀರಿ ಅಂದಿದ್ದಳಂತೆ. ಆಗ ನಾವೆಲ್ಲ ಅದನ್ನು ಅಹಂಕಾರ ಅಂದುಕೊಂಡಿದ್ದೆವು. ಅವಳು ಅಥಣಿ ಹುಡುಗಿಗೆ ಇನ್ನೊಮ್ಮೆ ಕಾಗದ ಬರೆಸಿ, ರಿಜಿಸ್ಟರಿನ ಕಲಮಿನಲ್ಲಿ ‘ಆಹೇ’ ಅಂತ ಬರೆದು, ಅದರ ಕೆಳಗೆ ಓಳಖದ ಖೋಲಿಯಲ್ಲಿ ತಾನೂ ಇದ್ದೆ, ತಾನೂ ತಪ್ಪುಗಾರಳು ಅಂತ ಸೇರಿಸಿ ಸಹಿ ಮಾಡಿದಳು. ಗದ್ದಲವಾಯಿತು. ನಮ್ಮೆಲ್ಲರ ಮನೆಗೂ ಪತ್ರ ಹೋಯಿತು. ನಮ್ಮಪ್ಪ ಫೋನು ಮಾಡಿ, ‘ನಮ್ಮ ಕಡೀ ಹುಡುಗಿಗಿ ನೀನs ಹಿಂಗ ಮಾಡೀಯಾ?’ ಅಂದ. ಆ ವರ್ಷ ಮತ್ತೆ ಯಾರನ್ನೂ ಆ ಖೋಲಿಗೆ ಕರೆಯಲಿಲ್ಲ. ಲಾತೂರಿನವಳ ಜೊತೆ ಅವಳ ಗೆಳತಿಯರು ಪರೀಕ್ಷೆ ಮುಗಿಯುವವರೆಗೂ ಮಾತಾಡಲಿಲ್ಲ.

ಆಮೇಲೆ ನಾನು ಈ ಸಂಬಂಧವನ್ನು ಪುಸ್ತಕ, ಸಿನಿಮಾಗಳಲ್ಲಿ ಹುಡುಕಿದ್ದುಂಟು. ಗಂಡುಹುಡುಗರ ಹಾಸ್ಟೆಲ್ಲು ಬೇಕಾದಷ್ಟು ಸಿಗುತ್ತದೆ. ಭಾಲಚಂದ್ರ ನೇಮಾಡೆಯವರ ೧೯೬೩ರ ‘ಕೋಸಲಾ’ದಲ್ಲಿ ಖಾನದೇಶದ ಹಳ್ಳಿಯ ಹುಡುಗ ಪುಣೆಯ ಹಾಸ್ಟೆಲ್ಲಿಗೆ ಬಂದು ಬೇಸತ್ತು ಊರಿಗೆ ಮರಳುತ್ತಾನೆ. ನಮ್ಮ ‘ಕಿರಿಕ್ ಪಾರ್ಟಿ’ ೨೦೧೬ರದು, ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ೨೦೨೩ರದು. ಕಿರಿಕ್ ಪಾರ್ಟಿಯಲ್ಲಿ ಜೂನಿಯರ್ ಆಗಿದ್ದವರೇ ಮುಂದೆ ಸೀನಿಯರ್ ಆಗುವ ತಿರುವು ಇದೆ, ಆದರೆ ಸಿನಿಮಾಕ್ಕೆ ಆ ಏಣಿಯ ಮೇಲೆ ಸಿಟ್ಟಿಲ್ಲ, ಒಂದು ಥರ ಮುದ್ದು ಇದೆ. ಹುಡುಗಿಯರು ಅಲ್ಲಿ ದೂರದಿಂದ ನೋಡುವುದಕ್ಕೆ. ಹುಡುಗಿಯರ ಹಾಸ್ಟೆಲ್ಲಿನ ಒಳಗೆ ಒಬ್ಬಳು ಇನ್ನೊಬ್ಬಳ ಮೇಲೆ ಪ್ರೀತಿಯಿಂದಲೇ ಕೂರುವ ಬಗೆ ಯಾರ ಕಣ್ಣಿಗೂ ಬಿದ್ದಂತಿಲ್ಲ. ಬಡಿದಾಟವಿಲ್ಲವಲ್ಲ, ಸಿನಿಮಾಕ್ಕೆ ಏನು ಸಿಗುತ್ತದೆ?

ಪುಣೆ ಸೀಮೆಯಲ್ಲಿ ಹೆಣ್ಣುಮಕ್ಕಳ ವಸತಿಶಾಲೆಯ ಚರಿತ್ರೆ ನೋಡಿದರೆ ಶುರುವಿನಲ್ಲೇ ನಮ್ಮ ನೆಲದ ಒಬ್ಬರು ಸಿಗುತ್ತಾರೆ. ೧೮೫೮ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ೧೮೮೯ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದು, ಮರುವರ್ಷ ಪುಣೆಗೆ ತಂದರು. ಅಲ್ಲಿಯ ಮೊದಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬಳಾದ ಗೋದೂಬಾಯಿ ಅನ್ನುವ ಬಾಲವಿಧವೆ ೧೮೯೩ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದಿಬಾಯಿ ಆದಳು. ಅವಳ ತಂಗಿ ಪಾರ್ವತಿಬಾಯಿ ಆಠವಲೆ, ತಾನೂ ವಿಧವೆ, ಕರ್ವೆಯವರ ಹಿಂಗಣೆಯ ಆಶ್ರಮದಲ್ಲಿ ಹೊಸದಾಗಿ ಬಂದ ಹೆಣ್ಣುಮಕ್ಕಳನ್ನು ನೋಡಿಕೊಂಡವಳು. ಅವರಿಗೆ ಅಕ್ಕ ತಂಗಿ ಅನ್ನುವುದು ಹುದ್ದೆಯಾಗಿರಲಿಲ್ಲ, ಒಂದೇ ದುಃಖವನ್ನು ಇಬ್ಬರೂ ಉಂಡದ್ದಾಗಿತ್ತು. ಅದೇ ಮಾತು ಮುಂದೆ ರಿಜಿಸ್ಟರಿನ ಕಲಂ ಆಯಿತು.

ಅಮೆರಿಕದಲ್ಲಿರುವ ನನ್ನ ದೊಡ್ಡಪ್ಪನ ಮೊಮ್ಮಗಳು ಅಲ್ಲಿಯ ಕಾಲೇಜಿನಲ್ಲಿ ಒಂದು ಸೊರೊರಿಟಿ ಸೇರಿದ್ದಾಳೆ. ಲ್ಯಾಟಿನ್ನಿನಲ್ಲಿ ಸೊರೊರ್ ಅಂದರೆ ಸೋದರಿ. ಗ್ರೀಕ್ ಅಕ್ಷರಗಳ ಹೆಸರಿನ ಇಂಥ ಹುಡುಗಿಯರ ಕೂಟಗಳು ಅಲ್ಲಿ ೧೮೭೦ರ ದಶಕದಿಂದ ಇವೆ. ಕಮಲಾ ಹ್ಯಾರಿಸ್ ಕೂಡ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ೧೯೦೮ರಲ್ಲಿ ಶುರುವಾದ ಆಲ್ಫಾ ಕಪ್ಪಾ ಆಲ್ಫಾದ ಸದಸ್ಯೆ. ಹೊಸಬಳಿಗೆ ಒಬ್ಬ ಹಿರಿಯಳನ್ನು ಕೊಡುತ್ತಾರೆ, ಅವಳಿಗೆ ‘ಬಿಗ್’ ಅಂತ ಹೆಸರು, ಹೊಸಬಳು ‘ಲಿಟಲ್’. ಬಿಗ್ ಯಾರೆಂದು ಕೆಲವು ದಿನ ಗುಟ್ಟಾಗಿಟ್ಟು, ಉಡುಗೊರೆ ಕಳಿಸಿ, ಒಂದು ಸಂಜೆ ತೋರಿಸುತ್ತಾರಂತೆ. ಬಿಗ್‌ನ ಬಿಗ್‌ಗೆ ‘ಗ್ರ್ಯಾಂಡ್ ಬಿಗ್’. ಹುಡುಗಿ ವೀಡಿಯೋದಲ್ಲಿ ತನ್ನ ಬಿಗ್‌ನ ಕುತ್ತಿಗೆಗೆ ಜೋತುಬಿದ್ದು ಅಳುತ್ತಿದ್ದಾಳೆ, ಸಂತೋಷಕ್ಕೆ. ಈಗ ಬರುವ ವರ್ಷ ಅವಳೇ ಬಿಗ್ ಆಗುತ್ತಾಳಂತೆ, ಏನು ಉಡುಗೊರೆ ಕೊಡಲಿ ಅಂತ ನನ್ನನ್ನು ಕೇಳಿದಳು. ನಾನು, ಮೊದಲು ಆ ಹುಡುಗಿ ನಿನಗೆ ಇಲ್ಲ ಅನ್ನಬಹುದೋ ಅಂತ ಕೇಳಿ ನೋಡು ಅಂದೆ. ಅವಳಿಗೆ ಅರ್ಥವಾಗಲಿಲ್ಲ, ‘ವಾಟ್ ಚಿಕ್ಕಮ್ಮ?’ ಅಂತ ನಕ್ಕಳು. ಪುಣ್ಯ, ಅವಳಿಗೆ ಅರ್ಥವಾಗುವಂಥದ್ದು ಆಗದಿರಲಿ.

೨೦೧೯ರ ದೀಪಾವಳಿಗೆ ಊರಿಗೆ ಹೋಗುವಾಗ ಸೋಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಅಥಣಿ ಹುಡುಗಿ ಸಿಕ್ಕಳು. ಹುಡುಗಿ ಏನು, ಹೆಂಗಸು. ಕಂಕುಳಲ್ಲಿ ಮಗು, ಒಂದು ಜೂನಿಯರ್ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅವಳೇ ಗುರುತು ಹಿಡಿದು ಬಂದು, ‘ಆರಾಮದೀರೇನ್ರಿ?’ ಅಂದಳು. ‘ರಿ’ ವಾಪಸು ಬಂದಿತ್ತು. ಚಹಾ ಕುಡಿದೆವು. ಆ ಕಾಗದ ಎಷ್ಟೋ ದಿನ ನನ್ನ ಟ್ರಂಕಿನಲ್ಲೇ ಇತ್ತು ಅಂತ ಹೇಳಿದೆ, ಅವಳು ಏನೂ ಅನ್ನಲಿಲ್ಲ. ಮಗುವಿಗೆ ಬಿಸ್ಕೀಟು ಅದ್ದಿ ಕೊಡುತ್ತಿದ್ದಳು. ಮೂರನೇ ವರ್ಷ ಅವಳಿಗೂ ಆರು ಹುಡುಗಿಯರನ್ನು ಕೊಟ್ಟಿದ್ದರಂತೆ.

‘ಅಕ್ಕಾ ಅನ್ನಂಗಿಲ್ಲೇನ ಈಗ?’ ಅಂತ ಕೇಳಿಬಿಟ್ಟೆ. ಕೇಳಬಾರದಿತ್ತು.

ಅವಳು ನಕ್ಕಳು. ‘ಹಂಗಲ್ರೀ. ನನ್ನ ಆರೂ ಮಂದಿ ನನ್ನ ಹೆಸರ ಹಿಡಿದ ಕರೀತಿದ್ರು. ಅಕ್ಕಾ ಅನ್ನೂದು, ಅನಿಸಿಕೊಳ್ಳೂದು ಎರಡೂ ರೂಢಿ ತಪ್ಪೈತಿ’ ಅಂದಳು. ಅಷ್ಟರಲ್ಲಿ ಅವಳ ಬಸ್ಸು ಬಂತು. ಮಗುವನ್ನು ಒಂದು ಕ್ಷಣ ನನ್ನ ಕೈಗೆ ಕೊಟ್ಟು, ಚೀಲ ಮೇಲಿಟ್ಟು, ಮತ್ತೆ ಇಳಿದು ಬಂದು ಎತ್ತಿಕೊಂಡು ಹೋದಳು.